ಚೌಕದ ಕಡೆಯ ಕೋಣೆ

ಕಾರಂಜಿಯ ಪಕ್ಕದಲ್ಲಿ ಇಬ್ಬರು ಪೊಲೀಸರು ಒಬ್ಬ ಹೆಂಗಸಿನ ಜುಟ್ಟು ಹಿಡಿದು ಕಲ್ಲುಹಾಸಿನ ಮೇಲೆ ದರದರ ಎಳೆದುಕೊಂಡು ಹೋಗುತ್ತಿದ್ದರು. ಹೋಟೆಲಿನ ಮೂರನೇ ಮಹಡಿಯ ಕಿಟಕಿಯಲ್ಲಿ ನಿಂತಿದ್ದ ಫ್ರೇಮಿನಂಗಡಿಯವನು ಟೀ ಲೋಟವನ್ನು ತುಟಿಯವರೆಗೆ ತಂದವನು ಹಾಗೇ ನಿಂತುಬಿಟ್ಟ.

"ಏನ್ರೀ ಅದು ಗದ್ದಲ?" ಬಚ್ಚಲಿನಲ್ಲಿ ಬಟ್ಟೆ ಹಿಂಡುತ್ತಿದ್ದ ಹೆಂಡತಿ ಕೂಗಿದಳು.

"ಏನಿಲ್ಲ. ಜನ ಸೇರಿದಾರೆ" ಅಂದ. ಟೀ ಅವನ ಅಂಗಿಯ ಮೇಲೆ ಚೆಲ್ಲಿದ್ದು ಅವನಿಗೆ ಗೊತ್ತಾಗಲಿಲ್ಲ.

ಈ ಚೌಕವನ್ನು ಅವನು ಅಂಗಡಿ ತೆರೆದ ದಿನದಿಂದಲೂ ಬಲ್ಲ. ಊರಿನ ಅವನ ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾಗುತ್ತಿದ್ದ ಚಿತ್ರ ಇದರದೇ. ಮುಂಜಾವಿನ ಬಿಸಿಲು, ಚಿಮ್ಮುವ ಕಾರಂಜಿ, ಬಿಳಿ ಪಾರಿವಾಳ, ಹಿಂದೆ ಗಡಿಯಾರದ ಗೋಪುರ. ಇಡೀ ಚಿತ್ರದಲ್ಲಿ ಒಂದು ನರಪಿಳ್ಳೆ ಇಲ್ಲ. ಮದುವೆಯ ಉಡುಗೊರೆಗೆ, ದಂತವೈದ್ಯರ ಕಾಯುವ ಕೋಣೆಗೆ, ಹೊಸ ಮನೆಯ ಹಜಾರಕ್ಕೆ ಜನ ಅದನ್ನೇ ಒಯ್ಯುತ್ತಿದ್ದರು. ಮರದ ಪಟ್ಟಿ ಕೊಯ್ದು ಮೂಲೆ ಕೂಡಿಸುವುದು ಅವನ ಕೆಲಸ, ಗಾಜು ಕತ್ತರಿಸುವುದು ಹೆಂಡತಿಯ ಕೆಲಸ. "ಅಲ್ಲಿ ಗಲಾಟೆ ಅನ್ನೋ ಮಾತೇ ಇಲ್ಲ ಸಾರ್, ಗಡಿಯಾರ ಟಿಕ್ ಟಿಕ್ ಅನ್ನೋದು ಬೀದಿಗೆ ಕೇಳುತ್ತೆ" ಎಂದು ಅವನು ಗಿರಾಕಿಗಳಿಗೆ ಹೇಳುವುದನ್ನು ಕೇಳಿದರೆ ಅಲ್ಲೇ ಹುಟ್ಟಿ ಬೆಳೆದವನು ಅಂದುಕೊಳ್ಳಬೇಕು. ಹೆಂಡತಿ ಗಾಜಿನ ಮೇಲೆ ಗೆರೆ ಎಳೆಯುತ್ತಲೇ "ಹೋಗಿ ಬಂದೋರ ಥರಾನೇ ಬಿಡ್ತಾರೆ" ಅನ್ನುತ್ತಿದ್ದಳು.

ಕೊನೆಗೂ ಟಿಕೆಟು ತೆಗೆಸಿದ್ದು ಮಗಳು. "ಚೌಕದ ಕಡೆಗೇ ಕಿಟಕಿ ಇರೋ ಕೋಣೆ ಖಾಲಿ ಇತ್ತು ಅಪ್ಪ, ಕೇಳಿದ ತಕ್ಷಣ ಕೊಟ್ಟುಬಿಟ್ರು. ನನಗೇ ಆಶ್ಚರ್ಯ" ಎಂದು ಫೋನಿನಲ್ಲಿ ಹೇಳಿದ್ದಳು. ಯಾಕೆ ಖಾಲಿ ಇತ್ತು ಎಂದು ಯಾರೂ ಕೇಳಲಿಲ್ಲ. ಅವನ ತಾಯಿ, ವಿಮಾನ ಹತ್ತದೆ ಸತ್ತರೆ ನನ್ನ ಪ್ರಾಣ ನೆಟ್ಟಗೆ ಹೋಗುವುದಿಲ್ಲ ಎಂದು ಹಟ ಹಿಡಿದು, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಜೊತೆಗೆ ಹೊರಟಳು.

ಬಂದು ನೋಡಿದರೆ ಕಾರಂಜಿ ಒಣಗಿತ್ತು. ಅದರ ಸುತ್ತ ಕಬ್ಬಿಣದ ತಡೆಬೇಲಿ. ಪಾರಿವಾಳಗಳು ಬೂದು ಬಣ್ಣದವು, ಕಸದ ಡಬ್ಬಿಯ ಮೇಲೆ ಕೂತು ಒಂದನ್ನೊಂದು ಕುಕ್ಕುತ್ತಿದ್ದವು. ಗೋಪುರಕ್ಕೆ ತುದಿಯಿಂದ ಬುಡದವರೆಗೆ ಹಸಿರು ಬಟ್ಟೆ ಸುತ್ತಿ ಸಾರವೆ ಕಟ್ಟಿದ್ದರು. "ಇದಕ್ಕಾ ಕಣೋ ನಾನು ಆಕಾಶದಲ್ಲಿ ಹಾರಿ ಬಂದಿದ್ದು?" ಎಂದು ಮುದುಕಿ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಊರು ತೋರಿಸಲು ಒಬ್ಬ ಗೈಡನ್ನು ಗೊತ್ತುಮಾಡಿಕೊಂಡಿದ್ದರು. ಗುಂಪು ತಪ್ಪಿಹೋಗದಿರಲೆಂದು ಕೆಂಪು ಛತ್ರಿಯೊಂದನ್ನು ಮಡಿಸಿ ಮೇಲೆತ್ತಿ ಹಿಡಿದುಕೊಂಡು ಮುಂದೆ ನಡೆಯುತ್ತಿದ್ದ. ಐವತ್ತರ ಆಸುಪಾಸಿನ, ಹೊಟ್ಟೆ ಬಿಟ್ಟ, ನಗುಮುಖದ ಮನುಷ್ಯ. ಮುದುಕಿ ಮೊದಲ ದಿನವೇ ಅವನಿಗೆ ಛತ್ರಿ ಎಂದು ಹೆಸರಿಟ್ಟಳು. ಆ ಛತ್ರಿ ಇವತ್ತು ಮಧ್ಯಾಹ್ನವೇ, ಗೋಪುರದ ಒಳಗನ್ನು ತೋರಿಸದೆಯೇ, ಅವರನ್ನು ಹೋಟೆಲಿನ ಬಾಗಿಲಿಗೆ ತಂದು ಬಿಟ್ಟಿದ್ದ.

"ಗೋಪುರ?" ಎಂದು ಫ್ರೇಮಿನಂಗಡಿಯವನು ತನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಕೇಳಿದ.

"ನಾಳೆ. ಇವತ್ತು ಹೊರಗೆ ಬರಬೇಡಿ. ಕಿಟಕಿ ಹಾಕ್ಕೊಳ್ಳಿ."

"ಪೂರ್ತಿ ದಿನ ಅಂತ ಹೇಳಿ ಅರ್ಧಕ್ಕೇ ಕೈ ಎತ್ತೋದಾ? ನಾವೇನು ನಿನ್ನ ಕಣ್ಣಿಗೆ ಕುರಿಗಳ ಥರ ಕಾಣ್ತೀವಾ?" ಎಂದು ಅವನು ಛತ್ರಿಯ ಕೈಯಿಂದ ಛತ್ರಿಯನ್ನೇ ಕಿತ್ತು ಬೀದಿಗೆ ಎಸೆದ. ಗೈಡ್ ಅದನ್ನು ಎತ್ತಿಕೊಂಡು, ಧೂಳು ಕೊಡವಿ, ಚೌಕದ ಕಡೆಗೆ ಓಡುನಡಿಗೆಯಲ್ಲಿ ಹೊರಟುಹೋದ.

ಈಗ ಕಿಟಕಿಯಿಂದ ನೋಡಿದರೆ ಚೌಕದ ತುಂಬ ಜನ. ಅವರು ಏನು ಕೂಗುತ್ತಿದ್ದಾರೆಂದು ಇವನಿಗೆ ತಿಳಿಯಲಿಲ್ಲ. ಬೇಲಿಯ ಆಚೆಯಿಂದ ದಪ್ಪ ಗಾಡಿಯೊಂದು ತೆವಳಿಕೊಂಡು ಬಂದು ನೀಲಿ ನೀರು ಉಗುಳಲು ಶುರು ಮಾಡಿತು. ನೀರಿನ ಹೊಡೆತಕ್ಕೆ ಜನ ಹುಲ್ಲಿನ ಹಾಗೆ ಮಲಗಿದರು. ಎದ್ದವರೆಲ್ಲ ತಲೆಯಿಂದ ಕಾಲಿನವರೆಗೆ ನೀಲಿಯಾಗಿದ್ದರು. ಆಮೇಲೆ ಲಾಠಿಯವರು ಬಂದರು. ನೀಲಿ ಇದ್ದವರನ್ನೆಲ್ಲ ಹುಡುಕಿ ಹುಡುಕಿ ಹೊಡೆದರು. ಬಣ್ಣ ಯಾಕೆಂದು ಆಗ ಅವನಿಗೆ ಅರ್ಥವಾಯಿತು. ಒಬ್ಬ ಮುದುಕ ಕಾರಂಜಿಯ ಕಟ್ಟೆಗೆ ಒರಗಿ ಎರಡೂ ಕೈ ಮೇಲೆತ್ತಿದ. ಆ ಕೈಗಳ ಮೇಲೇ ಹೊಡೆದರು. ಗಾಜು ಮುಚ್ಚಿದ್ದರೂ ಮೂಳೆಯ ಸದ್ದು ಕೇಳಿದಂತಾಗಿ ಅವನು ಪರದೆ ಎಳೆದ.

ಬಾಗಿಲು ಬಡಿದದ್ದು ಅದಾಗಿ ಸ್ವಲ್ಪ ಹೊತ್ತಿಗೆ. ತೆರೆದರೆ ಛತ್ರಿ. ಆದರೆ ಕೈಯಲ್ಲಿ ಛತ್ರಿಯಿಲ್ಲ. ಮುಖ, ಅಂಗಿ, ಪ್ಯಾಂಟು ಎಲ್ಲ ನೀಲಿ. ಹಣೆ ಒಡೆದು ನೀಲಿಯ ಮೇಲೆ ಕೆಂಪು ಇಳಿಯುತ್ತಿತ್ತು. ಬಲಗೈ ಮಣಿಕಟ್ಟಿನಲ್ಲಿ ತಿರುಚಿಕೊಂಡು ಯಾರದೋ ಕೈಯಂತೆ ನೇತಾಡುತ್ತಿತ್ತು.

"ಬರ್ತಿದಾರೆ" ಅಂದ. "ಬೇರೆ ಯಾರ ಬಾಗಿಲೂ ನನಗೆ ಗೊತ್ತಿಲ್ಲ."

ಫ್ರೇಮಿನಂಗಡಿಯವನ ಕೈ ಬಾಗಿಲ ಮೇಲೇ ಇತ್ತು. ಮುಚ್ಚಲೂ ಇಲ್ಲ, ತೆರೆಯಲೂ ಇಲ್ಲ. ಹೆಂಡತಿ ಅವನ ಕಂಕುಳ ಕೆಳಗಿಂದ ತೂರಿ ಬಂದು ಗೈಡಿನ ಅಂಗಿ ಹಿಡಿದು ಎಳೆದಳು. "ಹೆಣ ಬಿದ್ದಮೇಲೆ ಒಳಗೆ ಕರೀತೀರಾ? ಸರೀರಿ ಆ ಕಡೆ!"

ಗೈಡ್ ಹೊಸ್ತಿಲಿಗೆ ಕಾಲಿಟ್ಟ. ಆಗ ಮಂಚದ ಮೇಲಿಂದ ಮುದುಕಿ ಗುಡುಗಿದಳು. "ಏಯ್! ಬೂಟು! ಬೂಟು ಹೊರಗೆ!"

ಮುದುಕಿಯದು ಒಂದೇ ಕಟ್ಟಳೆ. ಪರದೇಶವಾದರೇನು, ಮಲಗುವ ಕೋಣೆಯೊಳಗೆ ಬೀದಿ ತುಳಿದ ಕಾಲು ಬರಕೂಡದು. ಮೊದಲ ದಿನದಿಂದಲೂ ಅವಳ ಚಪ್ಪಲಿ, ಸೊಸೆಯ ಚಪ್ಪಲಿ, ಮಗನ ಚಪ್ಪಲಿ ಹೊರಗೆ ಕೋಣೆಗಳ ನಡುವಿನ ಓಣಿಯಲ್ಲಿ ಗೋಡೆಗೆ ಸಾಲಾಗಿ ಕೂತಿರುತ್ತಿದ್ದವು. ಕೋಣೆ ಗುಡಿಸುವ ಹೆಂಗಸು ದಿನಾ ಅದನ್ನು ನೋಡಿ ನಗುತ್ತಿದ್ದಳು. ಈಗ ಗೈಡಿಗೆ ಭಾಷೆ ತಿಳಿಯದಿದ್ದರೂ ಮುದುಕಿಯ ಬೆರಳು ತೋರಿಸಿದ್ದು ತಿಳಿಯಿತು. ಸಾಯುವ ಗಳಿಗೆಯಲ್ಲೂ ಗಿರಾಕಿಯ ಮಾತು ಕೇಳಿ ರೂಢಿಯಾದ ಮನುಷ್ಯ. ಒಂದು ಕಾಲಿನಿಂದ ಇನ್ನೊಂದರ ಹಿಮ್ಮಡಿ ಮೆಟ್ಟಿ ಎರಡೂ ಬೂಟು ಕಳಚಿ, ಅವರ ಚಪ್ಪಲಿಗಳ ಪಕ್ಕದಲ್ಲಿ ನೀಟಾಗಿ ಬಿಟ್ಟು ಒಳಗೆ ಬಂದ. ಬಾಗಿಲು ಹಾಕಿಕೊಂಡಿತು.

ಹೆಂಡತಿ ಅವನನ್ನು ಮಂಚದ ಕೆಳಗೆ ತಳ್ಳಿ, ಬಾಯಿಗೆ ಟವೆಲ್ಲು ಕೊಟ್ಟಳು. ಮುದುಕಿ ಮಂಚದ ಅಂಚಿಗೆ ಸರಿದು ಸೀರೆಯ ನೆರಿಗೆಯನ್ನು ನೆಲದವರೆಗೂ ಹರಡಿ ಕೂತಳು. "ಈ ಛತ್ರಿ ನನ್ಮಗನಿಗೆ ಇದೆಲ್ಲ ಯಾಕೆ ಬೇಕಿತ್ತು" ಎಂದು ಗೊಣಗುತ್ತಲೇ ಒಂದು ಕೈ ಕೆಳಗೆ ಬಿಟ್ಟು ಅವನ ತಲೆ ತಡವಿದಳು.

ಕೆಳಗಿನ ಮಹಡಿಯಲ್ಲಿ ಬಾಗಿಲೊಂದು ಒಡೆದ ಸದ್ದು. ಯಾರೋ ಕಿರುಚಿದರು. ಭಾರವಾದದ್ದೇನೋ ಮೆಟ್ಟಿಲಿನಿಂದ ಮೆಟ್ಟಿಲಿಗೆ ಉರುಳಿಕೊಂಡು ಹೋಯಿತು. ಕಿರುಚಾಟ ಅದರ ಜೊತೆಗೇ ಇಳಿದು ನಿಂತಿತು.

"ರೀ" ಅಂದಳು ಹೆಂಡತಿ. "ಬೂಟು."

ಅವನು ಬಾಗಿಲು ತೆರೆದು ಬಗ್ಗಿದ. ಓಣಿಯ ಕಡುಗಂದು ನೆಲಹಾಸಿನ ಮೇಲೆ ಆ ಜೋಡಿ ದೀಪ ಹಚ್ಚಿಟ್ಟಂತೆ ನೀಲಿಯಾಗಿ ಕೂತಿತ್ತು. ಒಂದನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ಓಣಿಯ ತುದಿಯಲ್ಲಿ ಹೆಲ್ಮೆಟ್ಟುಗಳು ಕಾಣಿಸಿದವು. ಯಾರೋ ಗದರಿದರು. ಬೂಟು ಒಳಗೆ ಎಸೆಯುವ ಹಾಗಿರಲಿಲ್ಲ. ಅವರು ನೋಡಿಯಾಗಿತ್ತು. ಅವನಿಗೆ ಬೇರೇನೂ ಹೊಳೆಯಲಿಲ್ಲ. ಹಿಂದಿನಿಂದ ಬಾಗಿಲು ಎಳೆದುಕೊಂಡು, ಬೂಟನ್ನು ಕೆಳಗಿಟ್ಟು ಕಾಲು ತೂರಿಸಿದ. ಇನ್ನೊಂದಕ್ಕೂ ತೂರಿಸಿದ. ಒದ್ದೆ ಬೂಟು ಪಚಕ್ಕೆಂದಿತು. ಹಿಮ್ಮಡಿ ಅರ್ಧ ಹೊರಗೇ ಉಳಿಯಿತು.

ಬಂದವರು ನಾಲ್ವರು. ಮುಂದಿದ್ದವನು ಅಧಿಕಾರಿಯಿರಬೇಕು, ಮೀಸೆ ಹುರಿ ಮಾಡಿದ್ದ. ಅವನು ಬೂಟು ನೋಡಿದ, ಮುಖ ನೋಡಿದ, ಮತ್ತೆ ಬೂಟು ನೋಡಿದ.

"ಟೂರಿಸ್ಟ್" ಎಂದ ಫ್ರೇಮಿನಂಗಡಿಯವನು, ಎದೆ ಮುಟ್ಟಿಕೊಂಡು. "ನಾನು ನೋಡಕ್ಕೆ ಹೋಗಿದ್ದೆ. ಸುಮ್ನೆ ನೋಡಕ್ಕೆ. ಫೋಟೋ."

ಮೊದಲ ಏಟು ಮೊಣಕಾಲಿನ ಹಿಂದೆ ಬಿತ್ತು. ಅವನು ಕುಸಿದ. ಎರಡನೆಯದು ಪಕ್ಕೆಗೆ. ಉಸಿರು ಹೊರಗೆ ಹೋದದ್ದು ಒಳಗೆ ಬರಲಿಲ್ಲ. ಒಬ್ಬ ಅವನ ಕೈಯನ್ನು ಬೂಟಿನಿಂದ ನೆಲಕ್ಕೆ ಒತ್ತಿ ಹಿಡಿದ. ಇನ್ನೊಬ್ಬ ಬೆನ್ನಿನ ಮೇಲೆ, ತೊಡೆಯ ಮೇಲೆ, ಗುರಿಯಿಟ್ಟು, ಅವಸರವಿಲ್ಲದೆ, ಹಾಸಿಗೆ ಬಡಿದು ಧೂಳು ತೆಗೆಯುವವನ ಹಾಗೆ ಬಡಿದ. ಅವನ ಬಾಯಿಂದ ಬಂದ ಸದ್ದು ಅವನಿಗೇ ಗುರುತು ಸಿಗಲಿಲ್ಲ. ಗೋಡೆಗೆ ಬಾಯಿ ಅಪ್ಪಳಿಸಿ ಒಂದು ಹಲ್ಲು ಮುರಿದು ನಾಲಿಗೆಯ ಮೇಲೆ ಕೂತಿತು. ಉಗುಳಲೂ ಹೆದರಿಕೆಯಾಗಿ ಅದನ್ನು ನುಂಗಿದ.

ಅಧಿಕಾರಿ ಹೊಡೆಯಲಿಲ್ಲ. ಅವನಿಗೆ ಬೇಸರ ಬಂದಂತಿತ್ತು. ಬಗ್ಗಿ ಹೊರಗೆ ಉಳಿದ ಹಿಮ್ಮಡಿಯನ್ನು ಲಾಠಿಯ ತುದಿಯಿಂದ ತಟ್ಟಿದ. ಆಮೇಲೆ ಸಾಲಾಗಿದ್ದ ಚಪ್ಪಲಿಗಳನ್ನು ನೋಡಿದ. ನಿಧಾನವಾಗಿ ಮುಚ್ಚಿದ ಬಾಗಿಲಿನ ಕಡೆಗೆ ತಿರುಗಿ ಹಿಡಿಕೆಯ ಮೇಲೆ ಕೈಯಿಟ್ಟ.

ಬಾಗಿಲು ತಾನಾಗಿಯೇ ತೆರೆಯಿತು. ಹೆಂಡತಿ ಹೊರಬಂದು ಅದನ್ನು ಬೆನ್ನ ಹಿಂದೆ ಎಳೆದುಕೊಂಡಳು. ಅಧಿಕಾರಿಯನ್ನು ದಾಟಿ, ಲಾಠಿಯವನನ್ನು ತಳ್ಳಿ, ಗಂಡನ ಅಂಗಿಯ ಕಾಲರು ಹಿಡಿದೆತ್ತಿ ಕೆನ್ನೆಗೆ ಫಳೀರೆಂದು ಬಾರಿಸಿದಳು.

"ಹೋಗಬೇಡಿ ಅಂದೆ ತಾನೇ! ಕಿಟಕೀಲಿ ನೋಡಿದ್ದು ಸಾಲಲಿಲ್ವಾ ನಿಮಗೆ? ಫೋಟೋ ಅಂತೆ ಫೋಟೋ!"

ಲಾಠಿಯವನೊಬ್ಬ ಕಿಸಕ್ಕನೆ ನಕ್ಕ. ಇನ್ನೊಬ್ಬ ಏನೋ ಅಂದ. ಎಲ್ಲರೂ ನಕ್ಕರು. ಅಧಿಕಾರಿ ಹಿಡಿಕೆಯಿಂದ ಕೈ ತೆಗೆದು, ಎದೆಯ ಮೇಲೆ ಕೈ ಕಟ್ಟಿ ನಿಂತ.

ಅವಳಿಗೆ ಅಷ್ಟು ಸಾಕಾಗಿತ್ತು, ಏನು ಮಾಡಬೇಕೆಂದು ತಿಳಿಯಿತು. ಇನ್ನೊಂದು ಕೊಟ್ಟಳು. ಗಂಡ ಅವಳ ಮುಖ ನೋಡಿದ. ಅವಳ ಕಣ್ಣು ಅವನ ತಲೆಯ ಮೇಲಿಂದ ಅಧಿಕಾರಿಯ ಕೈಯನ್ನೇ ನೋಡುತ್ತಿತ್ತು. ಅವನಿಗೂ ಅರ್ಥವಾಯಿತು. ಕೈ ಮುಗಿದು, "ತಪ್ಪಾಯ್ತು ಕಣೇ, ತಪ್ಪಾಯ್ತು" ಎಂದು ಜೋರಾಗಿ ಅಳಲು ಶುರು ಮಾಡಿದ. ಅಳು ಬರಿಸಿಕೊಳ್ಳಲು ಕಷ್ಟಪಡಬೇಕಾಗಲಿಲ್ಲ.

ಪೊಲೀಸರಿಗೆ ಇದು ಹಬ್ಬವಾಯಿತು. ಒಬ್ಬ ಫೋನು ತೆಗೆದು ಹಿಡಿದ. ಆದರೆ ನಗು ಎಷ್ಟು ಹೊತ್ತು ಉಳಿದೀತು? ಅಧಿಕಾರಿ ಮತ್ತೆ ಬಾಗಿಲಿನ ಕಡೆಗೆ ಕತ್ತು ತಿರುಗಿಸಿದ. ಅವಳು ಇನ್ನೂ ಜೋರಾಗಿ ಹೊಡೆದಳು. ಅವನು ಈ ಕಡೆ ತಿರುಗಿದ. ಮತ್ತೆ ಆ ಕಡೆ ತಿರುಗಿದ. ಪ್ರತಿ ಸಲವೂ ಹಿಂದಿನದಕ್ಕಿಂತ ಜೋರಾಗಿರಬೇಕಿತ್ತು, ಇಲ್ಲದಿದ್ದರೆ ಅವನ ಕತ್ತು ಇತ್ತ ತಿರುಗುತ್ತಿರಲಿಲ್ಲ. ವರ್ಷಗಟ್ಟಲೆ ಗಾಜು ಕತ್ತರಿಸಿ ಜಡ್ಡುಗಟ್ಟಿದ ಕೈ ಅದು. ಗಂಡನ ಮೂಗಿನಿಂದ ರಕ್ತ ಇಳಿದು ಅವಳ ಬಳೆಗೆ ಹತ್ತಿತು.

ಬೈಯಲು ಅವಳಿಗೆ ಮಾತು ಬೇಕಿತ್ತು. ಚೌಕದ ಮಾತು, ಫೋಟೋದ ಮಾತು ಬೇಗ ಮುಗಿದುಹೋದವು. ಬಾಯಿಗೆ ಬಂದದ್ದನ್ನು ಆಡಿದಳು. ಮಗಳ ಮದುವೆಯಲ್ಲಿ ಮುನಿಸಿಕೊಂಡು ಊಟಕ್ಕೆ ಕೂರದೆ ಹೋದದ್ದು. ಗಾಜು ಹೆಬ್ಬೆರಳಿಗೆ ಇಳಿದಾಗ "ಗಿರಾಕಿ ಕಾಯ್ತಿದಾನೆ, ಬಟ್ಟೆ ಕಟ್ಟಿಕೊಂಡು ಮುಗಿಸಿಬಿಡು" ಅಂದದ್ದು. ಅಂಗಡಿಯ ಬೋರ್ಡಿನಲ್ಲಿ ಮಗಳ ಹೆಸರು, ತಾತನ ಹೆಸರು ಎಲ್ಲ ಬರೆಸಿ ಹೆಂಡತಿಯ ಹೆಸರನ್ನು ಮರೆತದ್ದು. ನೀವು ಎಂದು ಶುರುವಾದದ್ದು ಯಾವಾಗಲೋ ನೀನು ಆಗಿತ್ತು.

"ನಮ್ಮಪ್ಪ ಆಸ್ಪತ್ರೇಲಿ ಇದ್ದಾಗ ಏನಂದೆ? ಏನಂದೆ ಹೇಳು! ಆರ್ಡರು ಮುಗಿಸಿ ಹೋಗು, ಎಲ್ಲಿಗೆ ಓಡಿಹೋಗ್ತಾರೆ ಅಂದೆ ಅಲ್ವಾ? ಇದೇ ಪಟ! ಇದೇ ದರಿದ್ರ ಪಟಕ್ಕೆ ಗಾಜು ಕೊಯ್ತಾ ಕೂತಿದ್ದೆ ನಾನು! ಹೋಗೋಷ್ಟರಲ್ಲಿ ಮುಖ ಮುಚ್ಚಿಬಿಟ್ಟಿದ್ರು!"

ಅವನು ಅಳುವುದನ್ನು ನಿಲ್ಲಿಸಿ ಅವಳನ್ನು ನೋಡಿದ. ನೋಡಿದ್ದಕ್ಕೂ ಒಂದು ಬಿತ್ತು. ಅದು ಎಡಗಿವಿಯ ಮೇಲೆ, ಅಂಗೈ ಚಪ್ಪಟೆಯಾಗಿ ಬಿತ್ತು. ತಲೆಯೊಳಗೆ ಏನೋ ಬಿರಿದಂತಾಗಿ, ಓಣಿಯ ಸದ್ದೆಲ್ಲ ಒಂದು ಕಡೆಯಿಂದ ಆರಿಹೋಯಿತು. ಅದರ ಹಿಂದೆಯೇ ಅದೇ ಜಾಗಕ್ಕೆ ಇನ್ನೊಂದು. ಅವನು ಗೋಡೆ ಸವರಿಕೊಂಡು ಪಕ್ಕಕ್ಕೆ ಬಿದ್ದ.

ಅವಳು ಕೈಯೆತ್ತಿದವಳು ಹಾಗೇ ನಿಂತಳು. ಓಣಿಯಲ್ಲಿ ಯಾರೂ ಇರಲಿಲ್ಲ. ಮೇಲಿನ ಮಹಡಿಯಲ್ಲಿ ಬೂಟುಗಳ ಸದ್ದು, ಇನ್ನೊಂದು ಬಾಗಿಲು ಒಡೆಯುವ ಸದ್ದು.

ಕೋಣೆಯೊಳಗೆ ಎಳೆದುಕೊಂಡು ಬರಲು ಸೊಸೆಯ ಜೊತೆ ಮುದುಕಿಯೂ ಕೈ ಹಾಕಿದಳು. ಬೂಟು ಕಳಚಬೇಕೆಂದು ಯಾರೂ ಹೇಳಲಿಲ್ಲ. ಮಂಚದ ಕೆಳಗಿಂದ ಗೈಡ್ ತಲೆ ಹೊರಹಾಕಿದ. ಅವನ ಬಾಯಿಯಲ್ಲಿ ಟವೆಲ್ಲು ಹಾಗೇ ಇತ್ತು, ಅರ್ಧಕ್ಕರ್ಧ ಅಗಿದು ಹರಿದುಹೋಗಿತ್ತು. ಹೆಂಡತಿ ಅವನ ಮುರಿದ ಕೈಗೆ ಬಟ್ಟೆಯ ಹ್ಯಾಂಗರು ಇಟ್ಟು ತನ್ನ ದುಪಟ್ಟಾ ಸುತ್ತಿ ಬಿಗಿದಳು. ಬಿಗಿಯುವಾಗ ಅವನು ಕೂಗಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಟವೆಲ್ಲನ್ನು ಇನ್ನೂ ಬಲವಾಗಿ ಕಚ್ಚಿದ.

"ಕ್ಷಮಿಸಿ" ಎಂದು ಅವನು ಟವೆಲ್ಲು ಬಾಯಿಂದ ತೆಗೆದು ಫ್ರೇಮಿನಂಗಡಿಯವನಿಗೆ ಹೇಳಿದ. "ಗೋಪುರದ ಒಳಗೆ ನೋಡೋದಕ್ಕೆ ಏನೂ ಇಲ್ಲ. ಗಡಿಯಾರ ಕೆಟ್ಟು ಎಷ್ಟೋ ಕಾಲ ಆಯ್ತು. ನಾವು ಯಾರಿಗೂ ಹೇಳೋದಿಲ್ಲ."

ಫ್ರೇಮಿನಂಗಡಿಯವನು ಅವನ ತುಟಿಗಳನ್ನೇ ನೋಡುತ್ತಿದ್ದ. "ಏನಂತಾನೆ?"

"ಏನೂ ಇಲ್ಲ, ಮಲಕ್ಕೊ" ಎಂದಳು ತಾಯಿ. ಅವಳು ಬಾಗಿಲ ಬಿರುಕಿನಲ್ಲಿ ಕಣ್ಣಿಟ್ಟು ಎಲ್ಲವನ್ನೂ ನೋಡಿದ್ದಳು. ಸೊಸೆಯ ಮುಖ ನೋಡದೆ ಹೇಳಿದಳು. "ನನ್ನ ಮಗನಿಗೆ ನಾನೂ ಯಾವತ್ತೂ ಹೀಗೆ ಹೊಡೆದಿಲ್ಲಮ್ಮ. ಹೊಡೀಬೇಕಿತ್ತೇನೋ."

ಸೊಸೆ ಹಿಂಡಿಟ್ಟಿದ್ದ ಬಟ್ಟೆಗಳಲ್ಲೊಂದನ್ನು ತಂದು ಗಂಡನ ಎಡಕ್ಕೆ ಕೂತು ಕಿವಿಯಿಂದ ಇಳಿದ ರಕ್ತ ಒರೆಸಿದಳು. "ನೋಯ್ತಿದೆಯಾ?" ಎಂದು ಕೇಳಿದಳು. ಅವನು ಗೋಡೆ ನೋಡುತ್ತ ಕೂತಿದ್ದ. ಇನ್ನೊಮ್ಮೆ ಕೇಳಿದಳು. ಆಮೇಲೆ ಎದ್ದು, ಸುತ್ತು ಬಂದು, ಬಲಗಡೆ ಕೂತು ಮತ್ತೆ ಕೇಳಿದಳು.

"ಆ ಕಡೆಯಿಂದ ಕೇಳಲ್ಲ" ಅಂದ ಅವನು. ಮಾತು ಊದಿದ ತುಟಿಯಲ್ಲಿ ಸಿಕ್ಕಿಕೊಂಡಿತು. "ಒಂದು ಕೇಳ್ಲಾ?"

"ಹೂಂ."

"ಆ ಮೀಸೆಯವನು ಬಾಗಿಲ ಕಡೆ ತಿರುಗಿದಾಗೆಲ್ಲ ಹೊಡೀತಿದ್ದೆ. ಅದು ಗೊತ್ತಾಯ್ತು ನನಗೆ."

"ಮತ್ತೆ?"

"ಕೊನೇ ಎರಡು ಏಟು ಹೊಡೆದಾಗ ಅವರು ಹೊರಟು ಹೋಗಿದ್ರು ಕಣೇ. ಮೆಟ್ಟಿಲು ಹತ್ತುತಾ ಇದ್ದಿದ್ದು ನಾನು ನೋಡ್ದೆ. ನಿನಗೂ ಕಾಣ್ತಿತ್ತು."

ಮೇಲಿನ ಮಹಡಿಯಲ್ಲಿ ಯಾರನ್ನೋ ಬಡಿಯುವ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಗೈಡ್ ಮತ್ತೆ ಮಂಚದ ಕೆಳಗೆ ಸರಿದ. ಮುದುಕಿ ಎದ್ದು ಹೋಗಿ ಬಾಗಿಲಿನ ಚಿಲಕವನ್ನು ಇನ್ನೊಮ್ಮೆ ಮುಟ್ಟಿ ನೋಡಿದಳು.

ಹೆಂಡತಿ ತನ್ನ ಕೈ ನೋಡಿಕೊಂಡಳು. ಅಂಗೈ ಊದಿಕೊಂಡು ಕೆಂಪಗಾಗಿತ್ತು. ಮಡಿಲಲ್ಲಿಟ್ಟುಕೊಂಡಳು, ಇಡಲು ಜಾಗ ಸಾಲದವಳಂತೆ ಮತ್ತೆ ತೆಗೆದಳು.

"ಕಾಣ್ತಿತ್ತು" ಎಂದಳು.

ಅವನು ತಲೆಯಾಡಿಸಿದ. ಅವಳ ಕೈಯಿಂದ ಬಟ್ಟೆ ತೆಗೆದುಕೊಂಡು, ಕಿವಿಯನ್ನು ತಾನೇ ಒರೆಸಿಕೊಳ್ಳತೊಡಗಿದ.